ಮುಂದಿನ ಚಕ್ರದ ಸದ್ದು: ಬೇರಿಂಗ್ ಮತ್ತು ಸಸ್ಪೆನ್ಷನ್ ದೋಷ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕಾರಿನ ಮುಂಭಾಗದಲ್ಲಿ ಸದ್ದು ಶುರುವಾದರೆ ಎಷ್ಟೋ ಸಲ ಹಣ ತಪ್ಪು ಭಾಗಕ್ಕೆ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ, ಸದ್ದು ಹಾಗೇ ಇರುತ್ತದೆ. ಆಮೇಲೆ ಲೋವರ್ ಆರ್ಮ್ ಬದಲಾಗುತ್ತದೆ, ಆಗಲೂ ಇರುತ್ತದೆ. ಕೊನೆಗೆ ನೋಡಿದರೆ ಸವೆದಿದ್ದು ಒಂದು ಸಣ್ಣ ಲಿಂಕ್ ರಾಡ್. ಇದಕ್ಕೆ ಕಾರಣ ಮೆಕ್ಯಾನಿಕ್‌ನ ಮೋಸವೇ ಆಗಿರಬೇಕಿಲ್ಲ. ಕಾರಿನ ಬಾಡಿ ಪೂರ್ತಿ ಕಬ್ಬಿಣದ ತಗಡು. ಎಡಗಡೆಯ ಸದ್ದು ಬಲಗಡೆ ಕೇಳಿಸುತ್ತದೆ, ಹಿಂದಿನ ಚಕ್ರದ ಸದ್ದು ಮುಂದಿನಿಂದ ಬಂದಂತೆ ಅನಿಸುತ್ತದೆ. ಕಿವಿ ಒಂದನ್ನೇ ನಂಬಿದರೆ ಯಾರಾದರೂ ಎಡವುತ್ತಾರೆ.

ಹಾಗಾಗಿ ಈ ಬರಹದಲ್ಲಿ ಹುಡುಕುವ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹುಡುಕುವುದಕ್ಕೆ ದುಬಾರಿ ಸಾಮಾನು ಬೇಡ. ಒಂದು ಜಾಕ್, ಎರಡು ಗಟ್ಟಿ ಜಾಕ್ ಸ್ಟ್ಯಾಂಡ್, ಒಂದು ಟಾರ್ಚ್, ಒಂದು ಉದ್ದದ ಕಬ್ಬಿಣದ ಸರಳು, ಜೊತೆಗೆ ಬ್ರೇಕ್ ಒತ್ತಲು ಮನೆಯವರೊಬ್ಬರು ಇದ್ದರೆ ಸಾಕು. ಬದಲಾಯಿಸುವ ಕೆಲಸದಲ್ಲಿ ಕೆಲವನ್ನು ಮನೆಯಲ್ಲೇ ಮಾಡಬಹುದು, ಕೆಲವನ್ನು ಖಂಡಿತ ಮಾಡಬಾರದು. ಯಾವುದು ಯಾವುದು ಅಂತ ಆಯಾ ಜಾಗದಲ್ಲೇ ಹೇಳುತ್ತೇನೆ.

ಮುಂಭಾಗದಲ್ಲಿ ಏನೇನಿದೆ

ಸ್ವಿಫ್ಟ್, ವ್ಯಾಗನ್ ಆರ್, ಐ20, ಟಿಯಾಗೊ ತರಹದ ನಮ್ಮ ಮನೆ ಕಾರುಗಳಲ್ಲಿ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವಿನ್ಯಾಸ ಇದು. ಕಡಿಮೆ ಜಾಗ, ಕಡಿಮೆ ಭಾಗ, ಕಡಿಮೆ ಖರ್ಚು. ಅದಕ್ಕೇ ಸಣ್ಣ ಕಾರುಗಳಲ್ಲಿ ಇಂದಿಗೂ ಇದೇ ಉಳಿದುಕೊಂಡಿದೆ.

ಚಕ್ರವನ್ನು ಬಿಚ್ಚಿ ನೋಡಿದರೆ ನಡುವೆ ಒಂದು ದಪ್ಪ ಎರಕದ ಕಬ್ಬಿಣದ ತುಂಡು ಕಾಣುತ್ತದೆ. ಅದು ನಕಲ್. ಅದರ ಹೊಟ್ಟೆಯೊಳಗೆ ಬೇರಿಂಗ್, ಬೇರಿಂಗ್‌ನೊಳಗೆ ಹಬ್. ಹಬ್‌ಗೆ ಬ್ರೇಕ್ ಡಿಸ್ಕ್ ಮತ್ತು ಚಕ್ರ ಕೂರುತ್ತವೆ. ಇಂಜಿನ್ ಕಡೆಯಿಂದ ಬರುವ ಡ್ರೈವ್ ಶಾಫ್ಟ್ ಹಬ್‌ನ ನಡುವೆ ತೂರಿ, ಹೊರಗಡೆ ಒಂದು ದೊಡ್ಡ ನಟ್‌ನಿಂದ ಬಿಗಿಯಾಗಿರುತ್ತದೆ. ನಕಲ್‌ನ ಮೇಲ್ಭಾಗ ಎರಡು ಬೋಲ್ಟ್‌ಗಳಿಂದ ಸ್ಟ್ರಟ್‌ಗೆ ಸೇರುತ್ತದೆ. ಸ್ಟ್ರಟ್ ಎಂದರೆ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಸೇರಿದ ಕಂಬ. ಅದರ ತುದಿಯಲ್ಲಿ ರಬ್ಬರ್ ಮೌಂಟ್ ಮತ್ತು ಒಂದು ತೆಳು ಬೇರಿಂಗ್ ಇದೆ. ಸ್ಟೀರಿಂಗ್ ತಿರುಗಿಸಿದಾಗ ಇಡೀ ಕಂಬ ತಿರುಗುವುದು ಈ ಬೇರಿಂಗ್ ಮೇಲೆಯೇ.

ನಕಲ್‌ನ ಕೆಳಗೆ ಎಲ್ಲ ಕಡೆ ತಿರುಗುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಅದನ್ನು ಹಿಡಿದುಕೊಂಡ ಲೋವರ್ ಆರ್ಮ್. ಆರ್ಮ್ ಎರಡು ರಬ್ಬರ್ ಬುಷ್‌ಗಳ ಮೂಲಕ ಕಾರಿನ ಬಾಡಿ ಜೊತೆ ಸೇರುತ್ತದೆ. ಪಕ್ಕದಿಂದ ಸ್ಟೀರಿಂಗ್ ಕಡೆಯ ಟೈ ರಾಡ್ ಎಂಡ್ ಬಂದು ನಕಲ್ ಅನ್ನು ತಿರುಗಿಸುತ್ತದೆ. ಎರಡೂ ಬದಿಯನ್ನು ಜೋಡಿಸುವ ಬಾಗಿದ ಸರಳೊಂದಿದೆ, ಸ್ಟೆಬಿಲೈಸರ್ ಬಾರ್. ಅದರ ತುದಿಗಳಲ್ಲಿ ಸಾಮಾನ್ಯವಾಗಿ ಲಿಂಕ್ ರಾಡ್ ಇರುತ್ತದೆ. ಕೆಲವು ಚಿಕ್ಕ ಕಾರುಗಳಲ್ಲಿ ಲಿಂಕ್ ರಾಡ್ ಇರುವುದಿಲ್ಲ, ಸರಳಿನ ತುದಿಯೇ ಆರ್ಮ್‌ಗೆ ಸೇರಿರುತ್ತದೆ.

ಮೊದಲು ಸದ್ದನ್ನು ಬೇರೆ ಮಾಡಿ

ಎರಡು ದೊಡ್ಡ ಗುಂಪುಗಳಿವೆ. ಒಂದು, ಚಕ್ರ ತಿರುಗಿದಷ್ಟು ಹೊತ್ತೂ ಎಡೆಬಿಡದೆ ಬರುವ ಸದ್ದು. ಇನ್ನೊಂದು, ಗುಂಡಿ, ಹಂಪ್, ಬ್ರೇಕ್, ತಿರುವು ಇದ್ದಾಗ ಮಾತ್ರ ಬರುವ ಸದ್ದು. ಮೊದಲನೆಯದು ಹೆಚ್ಚಾಗಿ ಬೇರಿಂಗ್ ಅಥವಾ ಟೈರ್. ಎರಡನೆಯದು ಸಸ್ಪೆನ್ಷನ್. ಈ ಗೆರೆ ಎಳೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹಾಳಾದ ಬೇರಿಂಗ್ ಗುಂಯ್ ಎನ್ನುತ್ತದೆ. ಸಾಮಾನ್ಯವಾಗಿ ಗಂಟೆಗೆ 40–50 ಕಿಲೋಮೀಟರ್ ದಾಟಿದಾಗ ಗಮನಕ್ಕೆ ಬರುತ್ತದೆ, ವೇಗ ಏರಿದಂತೆ ಏರುತ್ತದೆ. ತುಂಬಾ ಸವೆದ ಮೇಲೆ ಗೊರಗೊರ ಆಗುತ್ತದೆ. ಈ ಸದ್ದು ಇಂಜಿನ್ ಕಡೆಯದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕನೇ ಗೇರ್‌ನಿಂದ ಮೂರಕ್ಕೆ ಬನ್ನಿ, ವೇಗ ಅಷ್ಟೇ ಇರಲಿ. ಇಂಜಿನ್ ಜೋರಾಗಿ ತಿರುಗುತ್ತದೆ. ಆದರೂ ಗುಂಯ್ ಸ್ವರ ಬದಲಾಗದಿದ್ದರೆ ಅದು ಚಕ್ರದ ಕಡೆಯದು.

ಟೈರ್ ಸದ್ದು ಬೇರಿಂಗ್ ಸದ್ದನ್ನು ಬಹಳ ಹೋಲುತ್ತದೆ. ಸುಮ್ನೆ ಬೇರಿಂಗ್ ಬದಲಾಯಿಸಿ ಹಣ ಕಳೆದುಕೊಳ್ಳುವುದು ಇಲ್ಲೇ. ಬೇರೆ ಮಾಡುವ ದಾರಿ ಎರಡಿವೆ. ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದಿನ ಬಣ್ಣವೇ ಬದಲಾದರೆ ಟೈರ್ ಮೇಲೆ ಅನುಮಾನ ಪಡಿ. ಬೇರಿಂಗ್‌ಗೆ ರಸ್ತೆ ಯಾವುದಾದರೂ ಒಂದೇ. ಇನ್ನೊಂದು, ಕಾರು ನಿಂತಿರುವಾಗ ಟೈರ್ ಮೇಲ್ಮೈಯನ್ನು ಅಂಗೈಯಿಂದ ಮುಂದಕ್ಕೂ ಹಿಂದಕ್ಕೂ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೈರ್ ಸಮನಾಗಿ ಸವೆದಿಲ್ಲ. ಆಗಲೂ ಅನುಮಾನ ಉಳಿದರೆ ಒಂದೇ ಬದಿಯ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಿ. ಸದ್ದು ಹಿಂದಕ್ಕೆ ಹೋದರೆ ಟೈರ್. ಅಲ್ಲೇ ಉಳಿದರೆ ಬೇರಿಂಗ್.

ಯಾವ ಬದಿಯ ಬೇರಿಂಗ್? ಅಗಲವಾದ, ಖಾಲಿಯಾದ, ದೂರದವರೆಗೆ ಕಾಣುವ ರಸ್ತೆಯಲ್ಲಿ 50ರ ಆಸುಪಾಸಿನ ವೇಗದಲ್ಲಿ ಕಾರನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗಿಸಿ. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಎಡಗಡೆಯದು. ಇದು ಬಹಳ ಸಲ ಸರಿ, ಯಾವಾಗಲೂ ಅಲ್ಲ. ಬೇರಿಂಗ್‌ನಲ್ಲಿ ಗುಂಡುಗಳ ಎರಡು ಸಾಲುಗಳಿರುತ್ತವೆ. ಯಾವ ಸಾಲು ಹಾಳಾಗಿದೆ ಅನ್ನುವುದರ ಮೇಲೆ ಫಲಿತಾಂಶ ತಿರುಗಬಹುದು. ಹಿಂದಿನ ಚಕ್ರದ ಬೇರಿಂಗ್ ಕೂಡ ಹೀಗೇ ವರ್ತಿಸುತ್ತದೆ. ಆದ್ದರಿಂದ ಈ ಪರೀಕ್ಷೆಯೊಂದನ್ನೇ ನಂಬಿ ಭಾಗ ತರಬೇಡಿ, ಜಾಕ್ ಹಾಕಿ ಖಾತ್ರಿ ಮಾಡಿಕೊಳ್ಳಿ.

ಬೇರಿಂಗ್ ಎಂದು ತಪ್ಪಾಗಿ ತಿಳಿಯುವ ಇನ್ನೂ ಕೆಲವಿವೆ. ಮಣ್ಣಿನ ರಸ್ತೆಯಲ್ಲಿ ಓಡಿದ ಮೇಲೆ ಇದ್ದಕ್ಕಿದ್ದಂತೆ ಕಿರ್ರ್ ಎಂದು ಕಿವಿ ಕೊರೆಯುವ ಸದ್ದು ಬಂದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ತಗಡನ್ನು ಸ್ವಲ್ಪ ಸರಿಸಿದರೆ ಉದುರುತ್ತದೆ. 80–100 ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಟಕ್ ಎಂದು ತಾಳ ಹಾಕಿದಂತೆ ಬಂದರೆ ಅದು ಡ್ರೈವ್ ಶಾಫ್ಟ್‌ನ ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸಿದಾಗಲೂ ಶಾಫ್ಟ್ ಓಡುವಂತೆ ಮಾಡುವ ಕೀಲು. ಅದರ ರಬ್ಬರ್ ಬೂಟ್ ಹರಿದಿದ್ದರೆ ಚಕ್ರದ ಒಳಗಡೆಯೆಲ್ಲ ಕಪ್ಪು ಗ್ರೀಸ್ ಚಿಮ್ಮಿರುತ್ತದೆ.

ಜಾಕ್ ಹಾಕುವ ಮುನ್ನ

ಇಲ್ಲಿ ಅವಸರ ಬೇಡ. ಸಮತಟ್ಟಾದ ಗಟ್ಟಿ ನೆಲದಲ್ಲೇ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ, ಹಿಂದೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಕೊಡಿ. ಈ ಕಾರುಗಳಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಪರೀಕ್ಷೆಗೆಂದು ನ್ಯೂಟ್ರಲ್‌ಗೆ ಹಾಕಿದ ಮೇಲೆ ಕಾರನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಮತ್ತು ಆ ಕಲ್ಲುಗಳು ಮಾತ್ರ.

ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಹಾಕಿಕೊಳ್ಳುವುದಕ್ಕೆ ಅಷ್ಟೇ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೆ ಜಾಕ್ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರವನ್ನು ಅದರ ಮೇಲೆ ಇಳಿಸಿ, ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ. ಇಟ್ಟಿಗೆ, ಹಾಲೋ ಬ್ಲಾಕ್ ಬಳಸಲೇಬೇಡಿ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ.

ಬೇರಿಂಗ್ ಪರೀಕ್ಷೆ

ಚಕ್ರ ನೆಲದಿಂದ ಮೇಲಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ. ಒಂದು ಕೈಯಿಂದ ಚಕ್ರವನ್ನು ತಿರುಗಿಸಿ. ಇನ್ನೊಂದು ಕೈಯ ಬೆರಳುಗಳನ್ನು ಸ್ಟ್ರಟ್‌ನ ಸ್ಪ್ರಿಂಗ್ ಮೇಲೆ ನಾಡಿ ಹಿಡಿದಂತೆ ಹಗುರವಾಗಿ ಇಡಿ. ಚೆನ್ನಾಗಿರುವ ಬೇರಿಂಗ್ ಆದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಹಾಳಾಗಿದ್ದರೆ ಮರಳು ಅರೆದಂತೆ ಒಂದು ನಡುಕ ಸ್ಪ್ರಿಂಗ್‌ಗೆ ಬರುತ್ತದೆ. ಡಿಸ್ಕ್ ಪ್ಯಾಡ್ ಸವರುವ ಶ್ಶ್ ಸದ್ದಿಗೆ ಹೆದರಬೇಡಿ, ಅದು ಸಹಜ. ಇಷ್ಟನ್ನೂ ಎರಡೂ ಬದಿಯಲ್ಲಿ ಮಾಡಿ, ಹೋಲಿಸಿ. ಹೋಲಿಕೆ ಇಲ್ಲದೆ ಈ ಪರೀಕ್ಷೆಗೆ ಬೆಲೆ ಇಲ್ಲ. ಚಕ್ರವನ್ನು ಜೋರಾಗಿ ತಿರುಗಿಸಲು ಕಾರು ಎತ್ತಿಟ್ಟು ಇಂಜಿನ್ ಓಡಿಸಿ ಗೇರ್ ಹಾಕುವುದನ್ನು ಮನೆಯಲ್ಲಿ ಮಾಡಬೇಡಿ.

ಆಮೇಲೆ ಅಲುಗಾಟ, ಗ್ಯಾರೇಜ್ ಮಾತಿನಲ್ಲಿ ಪ್ಲೇ. ಚಕ್ರವನ್ನು ಗಡಿಯಾರ ಎಂದುಕೊಂಡು 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ತಳ್ಳಿ. ಟಕ್ ಎಂದು ಅಲುಗಿದರೆ ಬೇರಿಂಗ್ ಆಗಿರಬಹುದು, ಬಾಲ್ ಜಾಯಿಂಟ್ ಕೂಡ ಆಗಿರಬಹುದು. ಈಗ ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕ್ ಮತ್ತು ನಕಲ್ ಒಂದಾಗಿ ಹಿಡಿದುಕೊಳ್ಳುತ್ತವೆ, ಬೇರಿಂಗ್‌ನ ಪ್ಲೇ ಮರೆಯಾಗುತ್ತದೆ. ಹಾಗಾಗಿ ಅಲುಗಾಟ ನಿಂತರೆ ಬೇರಿಂಗ್. ಉಳಿದರೆ ಕೆಳಗಿನ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಕಡೆ ನೋಡಿ.

3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಬಂದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ್‍ಯಾಕ್‌ನ ಎಂಡ್. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟರೆ ಯಾವುದು ಎಂದು ತಕ್ಷಣ ತಿಳಿಯುತ್ತದೆ.

ಒಂದು ಮಾತು ನೆನಪಿರಲಿ. ಸದ್ದು ಮಾಡುವ ಎಷ್ಟೋ ಬೇರಿಂಗ್‌ಗಳಲ್ಲಿ ಪ್ಲೇ ಇರುವುದೇ ಇಲ್ಲ. "ಸಾರ್, ಅಲುಗ್ತಾ ಇಲ್ಲ, ಬೇರಿಂಗ್ ಚೆನ್ನಾಗಿದೆ" ಎಂದು ಯಾರಾದರೂ ಹೇಳಿದರೆ, "ಅಣ್ಣಾ, ಸ್ಪ್ರಿಂಗ್ ಹಿಡಿದು ಒಂದ್ಸಲ ತಿರುಗಿಸಿ ನೋಡಿ" ಎಂದು ಕೇಳಿ.

ಸಸ್ಪೆನ್ಷನ್ ಒಂದೊಂದಾಗಿ

ಲಿಂಕ್ ರಾಡ್‌ನಿಂದಲೇ ಶುರು ಮಾಡಿ. ಇದು ಅಗ್ಗ, ಬದಲಾಯಿಸುವುದು ಸುಲಭ, ಬೇಗ ಸವೆಯುವುದೂ ಇದೇ. ನಿಧಾನವಾಗಿ ಒರಟು ರಸ್ತೆಯಲ್ಲಿ ಹೋಗುವಾಗ ಕಟಕಟ ಎನ್ನುತ್ತದೆ. ಅದರಲ್ಲೂ ಒಂದು ಬದಿಯ ಚಕ್ರ ಮಾತ್ರ ಏರಿಳಿದಾಗ ಜಾಸ್ತಿ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಸದ್ದು ಕಡಿಮೆ. ಪರೀಕ್ಷೆ ಮಾಡುವಾಗ ಎರಡೂ ಮುಂದಿನ ಚಕ್ರ ನೆಲದ ಮೇಲಿರಬೇಕು, ಇಲ್ಲವೇ ಎರಡೂ ಮೇಲಿರಬೇಕು. ಒಂದನ್ನೇ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗುತ್ತದೆ, ಸವೆದಿದ್ದರೂ ಗೊತ್ತಾಗುವುದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದೆ ಕೈ ಹಾಕಿ, ಲಿಂಕ್ ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿ. ಬದಲಾಯಿಸುವಾಗ ನಟ್ ಜೊತೆ ಬಾಲ್ ಕೂಡ ತಿರುಗುತ್ತದೆ. ತುದಿಯಲ್ಲಿರುವ ತೂತಿಗೆ ಅಲೆನ್ ಕೀ ಕೊಟ್ಟು ಅಥವಾ ಹಿಂದಿನ ಚಪ್ಪಟೆ ಭಾಗಕ್ಕೆ ತೆಳು ಸ್ಪ್ಯಾನರ್ ಕೊಟ್ಟು ಹಿಡಿಯಿರಿ.

ಬ್ರೇಕ್ ಒತ್ತಿದಾಗ ದಡ್ ಎಂದು ಒಂದೇ ಸಲ, ಬಿಟ್ಟಾಗ ಇನ್ನೊಂದು ಸಲ ಬಂದರೆ ಲೋವರ್ ಆರ್ಮ್‌ನ ಹಿಂದಿನ ಬುಷ್. ಟಾರ್ಚ್ ಹಾಕಿ ನೋಡಿದರೆ ರಬ್ಬರ್ ಸೀಳಿರುವುದು ಕಾಣುತ್ತದೆ. ಮೇಲ್ಮೈಯ ಸಣ್ಣ ಬಿರುಕುಗಳು ದೋಷವಲ್ಲ. ಸರಳು ಕೊಟ್ಟು ಮೀಟಿದಾಗ ರಬ್ಬರ್ ಬಾಯಿ ಬಿಟ್ಟರೆ, ಕಬ್ಬಿಣ ಕಬ್ಬಿಣಕ್ಕೆ ತಗುಲಿದರೆ ಅದು ದೋಷ.

ಬಾಲ್ ಜಾಯಿಂಟ್ ನೋಡಲು ಚಕ್ರ ತೂಗಾಡುತ್ತಿರುವಾಗ ಸರಳನ್ನು ಆರ್ಮ್ ಮತ್ತು ನಕಲ್ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ಕಣ್ಣಿಗೆ ಕಾಣುವಷ್ಟು ಅಲುಗಾಟ ಇದ್ದರೆ ಅದರ ಆಯಸ್ಸು ಮುಗಿದಿದೆ. ರಬ್ಬರ್ ಟೊಪ್ಪಿ ಹರಿದಿದ್ದರೂ ಅಷ್ಟೇ. ಒಳಗೆ ನೀರು ಮಣ್ಣು ಹೋದ ಮೇಲೆ ಅದು ಬಹಳ ದಿನ ಬಾಳುವುದಿಲ್ಲ.

ಕಾರು ನಿಂತಿರುವಾಗ ಸ್ಟೀರಿಂಗ್ ತಿರುಗಿಸಿದರೆ ಟೊಂಯ್ ಎಂದು ಸ್ಪ್ರಿಂಗ್ ಹಾರಿದಂತೆ ಸದ್ದು ಬರುತ್ತದೆಯೇ? ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲವೇ? ಹಾಗಿದ್ದರೆ ಸ್ಟ್ರಟ್ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೇಲೆ ಹಗುರವಾಗಿ ಬೆರಳಿಡಿ. ಅದು ಸರಾಗವಾಗಿ ತಿರುಗದೆ ತಡೆದು ತಡೆದು ಜಿಗಿಯುತ್ತಿದ್ದರೆ ಖಚಿತ. ಬೆರಳು ಸುರುಳಿಗಳ ನಡುವೆ ಹೋಗದಂತೆ ಎಚ್ಚರವಿರಲಿ.

ಶಾಕ್ ಅಬ್ಸಾರ್ಬರ್ ಬಗ್ಗೆ ಜನರಿಗೆ ಇರುವಷ್ಟು ತಪ್ಪು ತಿಳುವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ ಅನಿಸುತ್ತದೆ. ಬಾನೆಟ್ ಒತ್ತಿ ಬಿಟ್ಟು ಕಾರು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವುದು ಪೂರ್ತಿ ಸತ್ತ ಶಾಕ್ ಅನ್ನು ಮಾತ್ರ ತೋರಿಸುತ್ತದೆ. ಅರ್ಧ ಸವೆದದ್ದು ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಮೈಮೇಲೆ ತೆಳುವಾಗಿ ಎಣ್ಣೆಯ ಪಸೆ ಇದ್ದು ಧೂಳು ಅಂಟಿದ್ದರೆ ಚಿಂತೆ ಇಲ್ಲ. ಒದ್ದೆಯಾಗಿ ಕೆಳಗಿನವರೆಗೆ ಇಳಿದಿದ್ದರೆ ಬದಲಾಯಿಸಿ. ಹೆದ್ದಾರಿಯಲ್ಲಿ ಸೇತುವೆಯ ಜೋಡಣೆ ದಾಟಿದ ಮೇಲೆ ಕಾರಿನ ಮೂತಿ ಮತ್ತೆ ಮತ್ತೆ ಏರಿಳಿದರೆ, ಟೈರ್‌ನಲ್ಲಿ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆತ ಇದ್ದರೆ ಅದೂ ಶಾಕ್ ಕಡೆ ಬೆರಳು ತೋರಿಸುತ್ತದೆ. ಬದಲಾಯಿಸುವಾಗ ಎರಡೂ ಬದಿ ಒಟ್ಟಿಗೆ. ಬೇರಿಂಗ್‌ಗೆ ಈ ನಿಯಮ ಇಲ್ಲ, ಹಾಳಾದ ಬದಿಯದನ್ನು ಮಾತ್ರ ಬದಲಾಯಿಸಬಹುದು.

ಸ್ಪ್ರಿಂಗ್ ಕೂಡ ಒಮ್ಮೆ ನೋಡಿ. ಕರಾವಳಿಯ ಉಪ್ಪು ಗಾಳಿಯಲ್ಲಿ ತುಕ್ಕು ಹಿಡಿದು ಕೆಳಗಿನ ಸುತ್ತು ಮುರಿಯುವುದುಂಟು. ಮುರಿದ ತುದಿ ಸ್ಪ್ರಿಂಗ್ ಕೂತ ತಟ್ಟೆಯೊಳಗೆ ಅಡಗಿರುತ್ತದೆ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ.

ಲೋವರ್ ಆರ್ಮ್ ಬದಲಾವಣೆ: ಮನೆಯಲ್ಲಿ ಸಾಧ್ಯ

ಕೆಲವು ಕಾರುಗಳಲ್ಲಿ ಬಾಲ್ ಜಾಯಿಂಟ್ ಮತ್ತು ಬುಷ್ ಬೇರೆ ಬೇರೆಯಾಗಿ ಸಿಗುತ್ತವೆ. ಎರಡೂ ಸವೆದಿದ್ದರೆ ಪೂರ್ತಿ ಆರ್ಮ್ ಹಾಕುವುದೇ ಜಾಣತನ. ಪ್ರೆಸ್ ಕೆಲಸ ತಪ್ಪುತ್ತದೆ.

1. ಕಾರು ನೆಲದ ಮೇಲಿರುವಾಗಲೇ ಹಬ್‌ನ ನಡುವಿನಿಂದ ನೇರ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಇದು ಆಮೇಲೆ ಬೇಕು.

2. ವೀಲ್ ನಟ್ ಸಡಿಲಿಸಿ, ಕಾರು ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಬಿಡಿ. ಹಿಂದಿನ ರಾತ್ರಿಯೇ ಹೊಡೆದಿಟ್ಟರೆ ಇನ್ನೂ ಒಳ್ಳೆಯದು.

3. ಲಿಂಕ್ ಅಥವಾ ಸ್ಟೆಬಿಲೈಸರ್ ಬಾರ್ ಆರ್ಮ್‌ಗೆ ಸೇರಿದ್ದರೆ ಬಿಡಿಸಿ. ಬಾಲ್ ಜಾಯಿಂಟ್ ಬೋಲ್ಟ್ ಅನ್ನು ಪೂರ್ತಿ ಹೊರತೆಗೆಯಿರಿ. ಜಾಯಿಂಟ್‌ನ ಕಡ್ಡಿಯಲ್ಲಿ ತೋಡು ಇರುವುದರಿಂದ ಬೋಲ್ಟ್ ಅರ್ಧ ಇದ್ದರೂ ಅದು ಬರುವುದಿಲ್ಲ. ಉದ್ದದ ಸರಳಿನಿಂದ ಆರ್ಮ್ ಅನ್ನು ಕೆಳಕ್ಕೆ ಒತ್ತಿ ಬಿಡಿಸಿ.

4. ಬಾಡಿ ಕಡೆಯ ಬೋಲ್ಟ್‌ಗಳನ್ನು ತೆಗೆದು ಹಳೆಯದನ್ನು ಹೊರತೆಗೆಯಿರಿ. ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಎಡ ಬಲ ಅದಲುಬದಲಾಗುವುದು ಇಲ್ಲೇ.

5. ಹೊಸ ಆರ್ಮ್ ಕೂರಿಸಿ ಬುಷ್ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ. ಬಾಲ್ ಜಾಯಿಂಟ್ ಬೋಲ್ಟ್ ಪೂರ್ತಿ ಬಿಗಿ ಮಾಡಬಹುದು.

6. ಈಗ ಬಹುಪಾಲು ಕಡೆ ತಪ್ಪುವ ಹೆಜ್ಜೆ. ನಕಲ್‌ನ ಕೆಳಗೆ, ಬಾಲ್ ಜಾಯಿಂಟ್ ಹತ್ತಿರ ಇನ್ನೊಂದು ಜಾಕ್ ಕೊಟ್ಟು ನಿಧಾನವಾಗಿ ಎತ್ತಿ. ಹಬ್ ಮತ್ತು ಫೆಂಡರ್ ನಡುವಿನ ಅಂತರ ನೀವು ಬರೆದಿಟ್ಟ ಅಳತೆಗೆ ಬರಬೇಕು. ಕಾರು ಸ್ಟ್ಯಾಂಡ್‌ನಿಂದ ಮೇಲೇಳಲು ಶುರುವಾದರೆ ಅಲ್ಲೇ ನಿಲ್ಲಿಸಿ, ಚಕ್ರ ಹಾಕಿ, ರ್‍ಯಾಂಪ್ ಅಥವಾ ಗ್ಯಾರೇಜ್‌ನ ಗುಂಡಿಯ ಮೇಲೆ ಕಾರು ತನ್ನ ಕಾಲ ಮೇಲೆ ನಿಂತಿರುವಾಗ ಮುಂದುವರಿಯಿರಿ. ಆ ಎತ್ತರದಲ್ಲೇ ಬುಷ್ ಬೋಲ್ಟ್‌ಗಳನ್ನು ಮ್ಯಾನ್ಯುಯಲ್ ಹೇಳಿದಷ್ಟು ತಿರುಚು ಬಲಕ್ಕೆ, ಅಂದರೆ ಟಾರ್ಕ್‌ಗೆ ಬಿಗಿ ಮಾಡಿ.

ಇಷ್ಟೊಂದು ಯಾಕೆ ಅಂದರೆ, ಬುಷ್‌ನೊಳಗಿನ ಕಬ್ಬಿಣದ ಕೊಳವೆ ಮತ್ತು ರಬ್ಬರ್ ಅಂಟಿಕೊಂಡಿರುತ್ತವೆ. ಬೋಲ್ಟ್ ಬಿಗಿ ಮಾಡಿದ ಕ್ಷಣದಲ್ಲಿ ಕೊಳವೆ ಅಲುಗದಂತೆ ನಿಲ್ಲುತ್ತದೆ. ಆಮೇಲೆ ಆರ್ಮ್ ಏರಿಳಿದಷ್ಟೂ ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ತೂಗಾಡುತ್ತಿರುವಾಗಲೇ ಬಿಗಿ ಮಾಡಿದರೆ ಕಾರು ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುವುದು ಹೀಗೆ. ಗ್ಯಾರೇಜ್‌ನಲ್ಲಿ ಮಾಡಿಸಿದರೂ ಈ ಒಂದು ಹೆಜ್ಜೆಯನ್ನು ನಿಂತು ನೋಡಿ.

ವೀಲ್ ಬೇರಿಂಗ್ ಬದಲಾವಣೆ: ಬಿಚ್ಚುವುದು ನೀವು, ಪ್ರೆಸ್ ಕೆಲಸ ಅಂಗಡಿಯಲ್ಲಿ

ಬೇರಿಂಗ್‌ಗಳಲ್ಲಿ ಎರಡು ಬಗೆ. ಒಂದು ಹಬ್ ಸಮೇತ ಬರುತ್ತದೆ, ಬೋಲ್ಟ್ ಬಿಚ್ಚಿ ಹೊಸದನ್ನು ಕೂರಿಸಿದರೆ ಮುಗಿಯಿತು. ಇನ್ನೊಂದು ನಕಲ್‌ನೊಳಗೆ ಒತ್ತಿ ಕೂರಿಸುವಂಥದ್ದು, ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಉಂಗುರ ಅದನ್ನು ಹಿಡಿದಿರುತ್ತದೆ. ನಮ್ಮ ಚಿಕ್ಕ ಕಾರುಗಳ ಮುಂದೆ ಎರಡನೆಯದೇ ಜಾಸ್ತಿ. ಇದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಸಣ್ಣ ಊರುಗಳಲ್ಲಿ ನಕಲ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವ ರೂಢಿ ಇದೆ, ಅದು ಒಳ್ಳೆಯ ದಾರಿಯೇ. ಸುತ್ತಿಗೆಯಿಂದ ಬಡಿದು ಕೂರಿಸುತ್ತೇನೆ ಎನ್ನುವವರ ಕೈಗೆ ಕೊಡಬೇಡಿ.

ಮೊದಲು ಆಕ್ಸಲ್ ನಟ್, ಅಂದರೆ ಡ್ರೈವ್ ಶಾಫ್ಟ್ ತುದಿಯ ಆ ದೊಡ್ಡ ನಟ್. ಅದರ ಅಂಚನ್ನು ಶಾಫ್ಟ್‌ನ ತೋಡಿಗೆ ಬಡಿದು ಲಾಕ್ ಮಾಡಿರುತ್ತಾರೆ, ಅದನ್ನು ಉಳಿಯಿಂದ ಎತ್ತಿ. ಕಾರು ನೆಲದ ಮೇಲಿರುವಾಗಲೇ, ಒಳಗೆ ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಉದ್ದದ ಹಿಡಿಯಿಂದ ಸಡಿಲಿಸಿ. ಸಾಮಾನ್ಯವಾಗಿ 30 ಅಥವಾ 32 ಮಿಲಿಮೀಟರ್ ಸಾಕೆಟ್ ಬೇಕಾಗುತ್ತದೆ. ನಟ್ ಸಡಿಲಾದ ಮೇಲೆ ಕಾರನ್ನು ಒಂದು ಅಡಿ ಕೂಡ ಉರುಳಿಸಬೇಡಿ. ಬೇರಿಂಗ್‌ನ ಎರಡು ಒಳ ಉಂಗುರಗಳನ್ನು ಒತ್ತಿ ಹಿಡಿದಿರುವುದು ಆ ನಟ್. ಅದಿಲ್ಲದೆ ಕಾರಿನ ಭಾರ ಬಿದ್ದರೆ ಚೆನ್ನಾಗಿದ್ದ ಬೇರಿಂಗ್ ಕೂಡ ಹಾಳಾಗುತ್ತದೆ.

ಚಕ್ರ ಬಿಚ್ಚಿದ ಮೇಲೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಸೆನ್ಸರ್ ಅನ್ನು ಮೆಲ್ಲಗೆ ಹೊರತೆಗೆಯಿರಿ. ತುಕ್ಕು ಹಿಡಿದು ಕೂತಿದ್ದರೆ ಮೀಟಬೇಡಿ, ಎಣ್ಣೆ ಹೊಡೆದು ತಿರುಗಿಸುತ್ತಾ ಬಿಡಿಸಿ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗ್‌ಗೆ ನೇತುಹಾಕಿ. ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಡಿಸ್ಕ್ ಅಂಟಿಕೊಂಡಿದ್ದರೆ ಅದರಲ್ಲಿ ಬೋಲ್ಟ್ ತಿರುಗಿಸಿ ಹಾಕಲು ಥ್ರೆಡ್ ಕೊರೆದ ಎರಡು ತೂತುಗಳಿವೆಯೇ ನೋಡಿ. ಬಹಳ ಕಾರುಗಳಲ್ಲಿ 8 ಮಿಲಿಮೀಟರ್ ಬೋಲ್ಟ್ ಹಾಕಿ ಸಮನಾಗಿ ಬಿಗಿಸಿದರೆ ಡಿಸ್ಕ್ ತಾನೇ ಹೊರಬರುತ್ತದೆ.

ಆಮೇಲೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಕೊನೆಗೆ ಸ್ಟ್ರಟ್‌ನ ಎರಡು ಬೋಲ್ಟ್. ಸ್ಟ್ರಟ್ ಬಿಚ್ಚುವ ಮುನ್ನ ನಕಲ್ ಕೂತ ಜಾಗಕ್ಕೆ ಬಣ್ಣದಿಂದ ಗುರುತು ಹಾಕಿ. ಕೂರಿಸುವಾಗ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ, ಹೆಚ್ಚು ಬದಲಾಗದಂತೆ ಇದು ನೋಡಿಕೊಳ್ಳುತ್ತದೆ. ಡ್ರೈವ್ ಶಾಫ್ಟ್ ಅನ್ನು ಹಬ್‌ನಿಂದ ತಳ್ಳುವಾಗ ಹೊರಕ್ಕೆ ಎಳೆಯಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು. ಅದನ್ನೂ ತಂತಿಯಿಂದ ಕಟ್ಟಿ ಎತ್ತಿಡಿ.

ಪ್ರೆಸ್ ಮುಂದೆ ನಿಂತಾಗ ನೀವು ನೋಡಬೇಕಾದದ್ದು ಇಷ್ಟು. ಹಬ್ ಹೊರಬಂದಾಗ ಹಳೆಯ ಬೇರಿಂಗ್‌ನ ಒಂದು ಒಳ ಉಂಗುರ ಹಬ್‌ಗೇ ಅಂಟಿಕೊಂಡು ಬರುತ್ತದೆ. ಅದನ್ನು ಪುಲ್ಲರ್‌ನಿಂದ ತೆಗೆಯಬೇಕು. ಗ್ರೈಂಡರ್ ಹಿಡಿದರೆ ಹಬ್‌ಗೆ ಗಾಯವಾಗಬಹುದು. ಉಂಗುರ ಕೂತಿದ್ದ ಜಾಗ ನೀಲಿಗಟ್ಟಿದ್ದರೆ ಅಥವಾ ಸವೆದು ಗೆರೆ ಬಿದ್ದಿದ್ದರೆ ಹಬ್ ಕೂಡ ಬದಲಾಯಿಸಿ. ನಕಲ್‌ನ ಒಳಗಿನ ತುಕ್ಕು ಒರೆಸಿರಬೇಕು.

ಹೊಸ ಬೇರಿಂಗ್ ಅನ್ನು ನಕಲ್‌ಗೆ ಒತ್ತುವಾಗ ಬಲ ಅದರ ಹೊರ ಉಂಗುರದ ಮೇಲೆ ಮಾತ್ರ ಬೀಳಬೇಕು. ಹಬ್ ಅನ್ನು ಬೇರಿಂಗ್‌ಗೆ ಒತ್ತುವಾಗ ಕೆಳಗಿನ ಆಸರೆ ಒಳ ಉಂಗುರಕ್ಕೆ ಇರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಬಲ ಗುಂಡುಗಳ ಮೂಲಕ ಹಾದು ಹೋಗುತ್ತದೆ, ಉಂಗುರದಲ್ಲಿ ಕಣ್ಣಿಗೆ ಕಾಣದ ತಗ್ಗುಗಳು ಬೀಳುತ್ತವೆ. ಆ ಬೇರಿಂಗ್ ಹೊಸದಾಗಿದ್ದರೂ ಮೊದಲ ದಿನದಿಂದಲೇ ಹಾಳು. ಎಬಿಎಸ್ ಇರುವ ಕಾರಿನಲ್ಲಿ ಇನ್ನೊಂದು ಎಚ್ಚರ: ಬೇರಿಂಗ್‌ನ ಒಂದು ಬದಿಯ ಸೀಲ್‌ನಲ್ಲಿ ಅಯಸ್ಕಾಂತದ ಪಟ್ಟಿ ಇರಬಹುದು. ಆ ಬದಿ ಸೆನ್ಸರ್ ಕಡೆಗೇ ಬರಬೇಕು. ಚಿಕ್ಕ ಮೊಳೆ ಅಥವಾ ಪಿನ್ ಹತ್ತಿರ ಹಿಡಿದರೆ ಯಾವ ಬದಿ ಎಂದು ಗೊತ್ತಾಗುತ್ತದೆ. ಅದರ ಹತ್ತಿರ ಬೇರೆ ಅಯಸ್ಕಾಂತ ತರಬೇಡಿ, ಬಡಿಯಬೇಡಿ. ತಿರುಗಾಮುರುಗಾ ಕೂತರೆ ಎಬಿಎಸ್ ದೀಪ ಹತ್ತುತ್ತದೆ, ಮತ್ತೊಂದು ಬೇರಿಂಗ್ ಕೊಳ್ಳಬೇಕಾಗುತ್ತದೆ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ.

ಜೋಡಿಸುವಾಗ ಆಕ್ಸಲ್ ನಟ್ ಹೊಸದನ್ನೇ ಹಾಕಿ. ಚಕ್ರ ನೆಲ ಮುಟ್ಟುವ ಮುನ್ನ, ಬ್ರೇಕ್ ಒತ್ತಿಸಿಕೊಂಡು ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಿ. ಈ ಗಾತ್ರದ ಕಾರುಗಳಲ್ಲಿ ಇದು ಬಹಳ ಸಲ 200 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ, ಆದರೆ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ನಟ್ ಬಿಗಿಸುವ ಗನ್ ಹಿಡಿದು ಗರ್ರ್ ಎನ್ನಿಸಿ ಬಿಟ್ಟರೆ ಕಡಿಮೆಯೂ ಆಗಬಹುದು, ಜಾಸ್ತಿಯೂ ಆಗಬಹುದು. ಬೇರಿಂಗ್ ಆಯಸ್ಸು ಎರಡರಲ್ಲೂ ಕುಗ್ಗುತ್ತದೆ. ಕೊನೆಗೆ ನಟ್‌ನ ಅಂಚು ಬಡಿದು ಲಾಕ್ ಮಾಡಿ.

ಸ್ಟ್ರಟ್: ತುದಿಯ ನಟ್ ಮುಟ್ಟಬೇಡಿ

ಸ್ಟ್ರಟ್ ತುದಿಯ ನಡುವಿನ ನಟ್ ಅನ್ನು ಸ್ಪ್ರಿಂಗ್ ಒತ್ತಿ ಹಿಡಿಯದೆ ಬಿಚ್ಚಿದರೆ ಸ್ಪ್ರಿಂಗ್ ಸಿಡಿಯುತ್ತದೆ. ಜೀವ ಹೋಗುವಷ್ಟು ಬಲ ಅದರಲ್ಲಿದೆ. ಅಗ್ಗದ ಸ್ಪ್ರಿಂಗ್ ಕಂಪ್ರೆಸರ್‌ಗಳು ಜಾರುವುದುಂಟು. ಬೇಕಿದ್ದರೆ ಸ್ಟ್ರಟ್ ಅನ್ನು ಜೋಡಣೆಯಾಗಿರುವಂತೆಯೇ ಕಳಚಿ ಗ್ಯಾರೇಜ್‌ಗೆ ಒಯ್ಯಿರಿ. ಮೌಂಟ್, ಮೇಲಿನ ಬೇರಿಂಗ್, ಬಂಪ್ ಸ್ಟಾಪರ್, ಧೂಳಿನ ಕವರ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ. ಅದೇ ಕೂಲಿಯಲ್ಲಿ ಮುಗಿಯುತ್ತದೆ.

ಭಾಗ ಕೊಳ್ಳುವಾಗ

ಕಾರಿನ ಮಾದರಿ, ವರ್ಷ, ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಒಂದೇ ಹೆಸರಿನ ಕಾರಿನಲ್ಲೂ ಎಬಿಎಸ್ ಇರುವುದಕ್ಕೂ ಇಲ್ಲದ್ದಕ್ಕೂ ಬೇರಿಂಗ್ ಬೇರೆ ಇರಬಹುದು. ಕಾರು ಕಂಪನಿಯ ಅಸಲಿ ಭಾಗ ಅಥವಾ ಎಸ್‌ಕೆಎಫ್, ಎನ್‌ಟಿಎನ್, ಕೋಯೊ, ಎನ್‌ಬಿಸಿ ತರಹದ ಬೇರಿಂಗ್ ಕಂಪನಿಗಳದ್ದು ಸಾಕು. ಬೇರಿಂಗ್‌ಗಳಲ್ಲಿ ನಕಲಿ ಹಾವಳಿ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೊಂಡರೂ ಬಿಲ್ ತೆಗೆದುಕೊಳ್ಳಿ, ಪ್ಯಾಕ್ ಒಡೆದಿರಬಾರದು, ಬೇರಿಂಗ್ ಮೇಲಿನ ಅಕ್ಷರ ಮತ್ತು ಡಬ್ಬಿಯ ನಂಬರ್ ತಾಳೆಯಾಗಬೇಕು. ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕೈಯಲ್ಲಿ ತಿರುಗಿಸಿ ನೋಡಿದರೆ ನಿಜವಾಗಿ ಹಾಳಾಗಿತ್ತೇ ಎಂದು ತಿಳಿಯುತ್ತದೆ.

ಕೆಲಸದ ನಂತರ

ಸ್ಟ್ರಟ್, ಆರ್ಮ್, ಟೈ ರಾಡ್ ಯಾವುದನ್ನು ಬಿಚ್ಚಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ. ಸವೆದ ಭಾಗ ಇರುವಾಗ ಅಲೈನ್‌ಮೆಂಟ್ ಮಾಡಿಸುವುದು ದಂಡ, ದುರಸ್ತಿ ಮೊದಲು. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ನೋಡಿ. ಹೊಸ ಬೇರಿಂಗ್ ಹಾಕಿದ ದಿನ ಸ್ವಲ್ಪ ದೂರ ಓಡಿಸಿ, ಎರಡೂ ಚಕ್ರಗಳ ಹತ್ತಿರ ಕೈ ಒಯ್ದು ಬಿಸಿ ಹೋಲಿಸಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದೇ ಬದಿ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಸರಿ ಕೂತಿಲ್ಲ.

ಇವು ಬೇಗ ಹಾಳಾಗಲು ನಮ್ಮ ಕಡೆ ಎರಡು ದೊಡ್ಡ ಕಾರಣ. ಒಂದು ನೀರು. ಓಡಿ ಬಿಸಿಯಾದ ಹಬ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಹಳೆಯದಾಗಿದ್ದರೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಳೆಗಾಲದ ಅಂಡರ್‌ಪಾಸ್, ಮಲೆನಾಡಿನ ತುಂಬಿ ಹರಿಯುವ ರಸ್ತೆಗಳಲ್ಲಿ ಓಡಿದ ಕೆಲವು ತಿಂಗಳ ನಂತರ ಗುಂಯ್ ಶುರುವಾಗುವುದು ಇದರಿಂದ. ಕಾರು ತೊಳೆಯುವವರಿಗೆ ಪ್ರೆಷರ್ ಪೈಪನ್ನು ನೇರ ಹಬ್‌ಗೆ, ರಬ್ಬರ್ ಬೂಟ್‌ಗಳಿಗೆ ಹಿಡಿಯಬೇಡಿ ಎಂದು ಹೇಳಿ.

ಇನ್ನೊಂದು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದದ್ದು. ನಮ್ಮ ಬೀದಿಗಳಲ್ಲಿ ಎದುರಾಗುವವು ಅದಕ್ಕಿಂತ ಎಷ್ಟೋ ಕಿರಿದು, ಕಡಿದು. ಹಂಪ್‌ಗೆ ಮೊದಲೇ ಬ್ರೇಕ್ ಹಾಕಿ ವೇಗ ಇಳಿಸಿ, ಚಕ್ರ ಹತ್ತುವ ಕ್ಷಣಕ್ಕೆ ಬ್ರೇಕ್ ಬಿಡಿ. ಬ್ರೇಕ್ ಒತ್ತಿದಾಗ ಮೂತಿ ಕೆಳಗಿಳಿದು ಸ್ಪ್ರಿಂಗ್ ಆಗಲೇ ಅರ್ಧ ಮುದುಡಿರುತ್ತದೆ, ಹೊಡೆತ ನೇರ ಆರ್ಮ್‌ಗೆ, ಮೌಂಟ್‌ಗೆ ಬೀಳುತ್ತದೆ. ಗುಂಡಿಗೂ ಇದೇ ಮಾತು.

ಎಷ್ಟು ದಿನ ಓಡಿಸಬಹುದು?

ಲಿಂಕ್ ರಾಡ್ ಸದ್ದು, ಸಣ್ಣ ಬುಷ್ ಸೀಳು ಇದ್ದರೆ ಸಂಬಳ ಬರುವವರೆಗೆ ಕಾಯಬಹುದು. ಬೇರಿಂಗ್ ಗುಂಯ್ ಎನ್ನುತ್ತಿದ್ದು ಪ್ಲೇ ಇಲ್ಲದಿದ್ದರೆ ಊರೊಳಗೆ ನಿಧಾನವಾಗಿ ಓಡಿಸಿ ಆ ವಾರದಲ್ಲೇ ಕೆಲಸ ಮುಗಿಸಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿಯಲು ಹೋಗಬೇಡಿ. ತಿರುವುಗಳಲ್ಲಿ ಹೊರಗಿನ ಚಕ್ರದ ಬೇರಿಂಗ್ ಮೇಲೆ ಬೀಳುವ ಭಾರ ಬಹಳ ಜಾಸ್ತಿ.

ಬೇರಿಂಗ್‌ನಲ್ಲಿ ಕೈಗೆ ಸಿಗುವಷ್ಟು ಪ್ಲೇ ಇದ್ದರೆ, ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಅಲುಗುತ್ತಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ ಕಾರು ಅಲ್ಲೇ ನಿಲ್ಲಲಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಸ್ಟೀರಿಂಗ್ ಕೆಲಸ ಮಾಡುವುದಿಲ್ಲ. ಟೋ ಗಾಡಿಯವರನ್ನು ಕರೆಯುವಾಗ ದೋಷ ಮುಂದಿನ ಚಕ್ರದಲ್ಲಿದೆ ಎಂದು ಮೊದಲೇ ಹೇಳಿ, ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ.